ಗೇಟಿನಾಚೆಯ ಪರಮೇಶ್ವರಿ

ಪರಮೇಶ್ವರಿ ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುತ್ತಾಳೆ. ಅದರಲ್ಲಿ ಎಂಥ ವಿಶೇಷ ಎನ್ನುವವರು ಒಮ್ಮೆ ಅವಳ ಎದುರು ಕುಳಿತು ನೋಡಬೇಕು. ತಲೆ ಅಲ್ಲಾಡಿಸುವುದಿಲ್ಲ, ಅಯ್ಯೋ ಪಾಪ ಎನ್ನುವುದಿಲ್ಲ. ಸರ್ವೆಯ ಟ್ಯಾಬಿನ ಮೇಲಿನ ಬೆರಳನ್ನೂ ಎತ್ತಿ ಮಡಿಲಲ್ಲಿಟ್ಟುಕೊಂಡು, ಹೇಳುವವನ ಮುಖವನ್ನಲ್ಲ, ಅವನ ಕೈಗಳನ್ನು ನೋಡುತ್ತ ಕೂರುತ್ತಾಳೆ. ಆ ಮೌನದ ಮುಂದೆ ಗಂಡಸರು ಹೆಂಡತಿಗೂ ಹೇಳದ ಸಂಗತಿಗಳನ್ನು ಜಗಲಿಯಲ್ಲಿ ಸುರಿದುಬಿಡುತ್ತಾರೆ. ಯಾವನೋ ಡೆಲಿವರಿಯ ಹುಡುಗನಿಗೆ, ಯಾವನೋ ಮೀನಿನ ಲಾರಿಯವನಿಗೆ ಸಿಕ್ಕುವ ಆ ಕಿವಿ ತನ್ನ ಪಾಲಿಗೆ ಮಾತ್ರ ಎಂದೂ ಸಿಕ್ಕಲಿಲ್ಲವೆಂಬುದೇ ಅವಳ ಗಂಡ ಶಿವಸುಬ್ರಹ್ಮಣ್ಯನ ಹೊಟ್ಟೆಯುರಿ.

ಕರೆದ ದಿನ ಮಾತ್ರ ಕೆಲಸಕ್ಕೆ ಹೋಗುವವರು, ಮೊಬೈಲು ಹೇಳಿದ ಮನೆಗೆ ಊಟ ಮುಟ್ಟಿಸುವವರು, ಖಾಯಂ ಎನ್ನುವಂಥದ್ದು ಯಾವುದೂ ಇಲ್ಲದವರು ದೇಶದಲ್ಲಿ ಎಷ್ಟು ಮಂದಿ, ಹೇಗೆ ಬದುಕುತ್ತಾರೆ ಎಂದು ತಿಳಿಯಲು ಕೇಂದ್ರದವರು ಮನೆಮನೆ ಸರ್ವೆ ಹೊರಡಿಸಿದಾಗ, ಕಾಸರಗೋಡಿನ ಈ ಕಡೆಗೆ ಕನ್ನಡ, ತುಳು, ಮಲಯಾಳ ಮೂರೂ ಬಲ್ಲವರು ಬೇಕೆಂದು ಅವಳನ್ನು ತಾತ್ಕಾಲಿಕವಾಗಿ ತೆಗೆದುಕೊಂಡರು. ಅವಳಿಗೆ ಸ್ಕೂಟರು ಬಿಡಲು ಬಾರದು. ‘ಅಡಿಗೆ ಕೆಲಸಕ್ಕೆ ರಜೆ ಹಾಕಿ ಹೆಂಡತಿಯ ಡ್ರೈವರ್ ಆದೆ ಮಾರಾಯ’ ಎಂದು ಶಿವಸುಬ್ರಹ್ಮಣ್ಯ ಕುಂಬಳೆ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದ. ಅದು ಶುದ್ಧ ಸುಳ್ಳು. ಒಂದು ಮದುವೆಯ ಅಡಿಗೆಯಲ್ಲಿ ಸಿಟ್ಟಿನ ಭರಕ್ಕೆ ಸಟ್ಟುಗ ಎಸೆದನೆಂದು, ಅಡಿಗೆಯ ತಂಡ ಕಟ್ಟುವ ಅವಿನಾಶ ಅವನನ್ನು ವಾಟ್ಸಾಪ್ ಗುಂಪಿನಿಂದಲೇ ತೆಗೆದುಹಾಕಿದ್ದ. ನಾಳೆ ಯಾರ ಮನೆಯಲ್ಲಿ ಕೆಲಸ, ಯಾರು ಬರಬೇಕು ಎಂಬುದೆಲ್ಲ ಬರುವುದು ಆ ಗುಂಪಿನಲ್ಲಿ. ಹೆಂಡತಿಗೆ ಈ ವಿಷಯ ತಿಳಿಯಬಾರದೆಂದೇ ಅವನು ದಿನ ದೂಡುತ್ತಿದ್ದ.

ಬಿಸಿಲಿಗೆಂದು ಸೀರೆಯ ಮೇಲೆ ಗಂಡನದೇ ಹಳೆಯ ತುಂಬುತೋಳಿನ ಅಂಗಿ ತೊಟ್ಟು ಅವಳು ಹಿಂದೆ ಕೂರುತ್ತಿದ್ದಳು. ಸರ್ವೆಯ ಮನೆ ಬಂದೊಡನೆ ಅದನ್ನು ಕಳಚಿ, ಮಡಚಿ, ಅವನ ಕೈಗಿಟ್ಟು, ಬಲಗಾಲನ್ನು ತುಸು ಎಳೆದುಹಾಕುವ ತನ್ನ ಅವಸರವಿಲ್ಲದ ನಡಿಗೆಯಲ್ಲಿ ಗೇಟು ದಾಟಿದರೆ ಮುಗಿಯಿತು, ಮತ್ತೆ ತಿರುಗಿ ನೋಡುವವಳಲ್ಲ. ಹೆಂಡತಿ ಬಿಚ್ಚಿಕೊಟ್ಟ ಅಂಗಿ ಹಿಡಿದು ಮಾರ್ಗದ ಬದಿ ನಿಂತ ಗಂಡಸಿಗೆ ಎಂಥ ಮರ್ಯಾದೆ ಉಂಟು, ಹೇಳಿ!

ಮಧೂರಿನಲ್ಲಿ ಗಂಗಾ ಎಂಬ ಹೆಂಗಸು ಬಾಗಿಲಿಗೆ ಅಡ್ಡ ನಿಂತು, ‘ನನ್ನ ಮಗನಿಗೆ ಕಂಪೆನಿ ಕೆಲಸ. ನಿಮ್ಮ ಸರ್ವೆ ನಮಗೆ ಬೇಡ’ ಎಂದುಬಿಟ್ಟಳು. ಪರಮೇಶ್ವರಿ ವಾದಕ್ಕಿಳಿಯಲಿಲ್ಲ.

‘ನಿನ್ನೆ ಮಗ ಊಟಕ್ಕೆ ಎಷ್ಟು ಹೊತ್ತಿಗೆ ಬಂದದ್ದು ಅಕ್ಕಾ?’

ಆ ತಾಯಿ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ‘ಹೊತ್ತು ಇಳಿದ ಮೇಲೆ. ಊರಿನವರಿಗೆಲ್ಲ ಬಿಸಿಬಿಸಿ ಬಿರಿಯಾನಿ ಕೊಂಡುಹೋಗಿ ಕೊಡುವುದು, ಇಲ್ಲಿ ಬಂದು ತಣಿದ ಗಂಜಿ ಉಣ್ಣುವುದು. ಕಂಪೆನಿಯಂತೆ ಕಂಪೆನಿ!’

ಇದೆಲ್ಲ ಗೇಟಿನಾಚೆಯಿಂದ ಕಿವಿಯಾನಿಸಿದ್ದ ಗಂಡನಿಗೆ ಕೇಳಿಸಿತ್ತು. ಸ್ಕೂಟರು ಹೊರಟದ್ದೇ ಅವನು ರಸವತ್ತಾಗಿ ಮಾತು ತೆಗೆದ. ಅವಳು ತಡೆದಳು: ‘ಮನೆಯೊಳಗಿನ ಮಾತು ಹೊರಗೆ ಇಲ್ಲ.’

‘ನಾನು ಹೊರಗಿನವನಾ?’

‘ಗೇಟಿನ ಹೊರಗೆ ನಿಂತವರು ಮತ್ತೆ ಎಂತ?’

ಅವನ ಮೈಯೆಲ್ಲ ಉರಿಯಿತು. ಮನೆಯಲ್ಲಿ ತಾನು ಬಾಯಿ ತೆರೆದರೆ ಸೊಪ್ಪು ಹೆಚ್ಚುತ್ತಲೇ ‘ಗೊತ್ತುಂಟು, ಗೊತ್ತುಂಟು’ ಎನ್ನುವವಳು ಇವಳು! ಅವನು ಬಾಯಿ ತೆರೆಯುವುದು ಕೂಗಾಡುವುದಕ್ಕೇ ಎಂಬುದು ಬೇರೆ ಮಾತು.

ಬೆಳ್ಳೂರಿನಲ್ಲಿ ಸರ್ವೆಗೆ ಆಯ್ಕೆಯಾದ ಮನೆಗಳಲ್ಲಿ ವಿಷ್ಣುಪ್ರಸಾದನದೂ ಒಂದು. ಅವನು ಅವಿನಾಶನ ತಂಡದ ಅಡಿಗೆಯವನು. ಸಟ್ಟುಗ ಹೋಗಿ ಬಿದ್ದದ್ದು ಅವನ ಬೆನ್ನಿಗೆ. ಶಿವಸುಬ್ರಹ್ಮಣ್ಯ ಸ್ಕೂಟರನ್ನು ಗೇಟಿಗೆ ತುಸು ಮೊದಲೇ ನಿಲ್ಲಿಸಿದ.

‘ಇದೊಂದು ಬಿಡು. ಬೀಗ ಹಾಕಿತ್ತು ಎಂದು ಬರೆ.’

‘ಜಗಲಿಯಲ್ಲೇ ಕೂತಿದ್ದಾರಲ್ಲ?’

‘ಅವನು ದೊಡ್ಡ ಸುಳ್ಳ ಮಾರಾಯ್ತಿ!’

‘ಸುಳ್ಳರೂ ದುಡಿದೇ ಉಣ್ಣಬೇಕಲ್ಲ’ ಎಂದು ಅಂಗಿ ಕೊಟ್ಟು ನಡೆದಳು.

ಜಗಲಿ ದೂರವಿತ್ತು, ಮಾತು ಕೇಳಿಸುತ್ತಿರಲಿಲ್ಲ. ವಿಷ್ಣುಪ್ರಸಾದ ಕೈ ಎತ್ತಿ ಬೀಸಿದ್ದು ಕಂಡಿತು. ಅದು ಸಟ್ಟುಗದ ಕಥೆಯೋ ಸಾರು ಕದಡಿದ ಕಥೆಯೋ ದೇವರೇ ಬಲ್ಲ. ಇವನು ಹಾರ್ನ್ ಹೊಡೆದ. ಅವನು ನಕ್ಕ, ಇನ್ನೂ ಏನೋ ಹೇಳಿದ. ಅವಳು ಕೇಳುತ್ತಲೇ ಇದ್ದಳು. ಕೇಳಲಿ, ತನ್ನ ಮಾತು ಬಿಟ್ಟು ಲೋಕದ ಎಲ್ಲರದನ್ನೂ ಕೇಳಲಿ ಎಂದು ಇವನು ಮತ್ತೆ ಹಾರ್ನ್ ಹೊಡೆದ.

ಹೊರಬಂದವಳ ಮುಖ ಎಂದಿನಂತೆಯೇ ಇತ್ತು.

‘ಎಂತ ಹೇಳಿದ ಅವ?’

‘ಗಾಡಿ ಬಿಡಿ.’

‘ನನ್ನ ವಿಷಯ ಎಂತಾದರೂ?’

ಅವಳು ಅಂಗಿ ತೊಟ್ಟು ಹಿಂದೆ ಕೂತಳು. ಸ್ಕೂಟರು ತಿರುವುಗಳನ್ನು ದಾಟುತ್ತ ಹೋಯಿತು. ಅವಳಿಗೆ ತಿಳಿಯಿತೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇಲ್ಲ; ಕೊಚ್ಚಿ ಹಾಕಿದರೂ ಹೇಳುವವಳಲ್ಲ. ಬೈದಿದ್ದರೆ ಅವನು ತಿರುಗಿ ಬೈಯುತ್ತಿದ್ದ. ಬೈಯದವಳನ್ನು ಎಂತ ಮಾಡುವುದು? ಕೊನೆಗೆ ಗಾಳಿಗೆ ಕಿರುಚಿದ:

‘ಹೌದು, ಎಸೆದೆ! ಪಾಯಸದ ತಳ ಹಿಡಿಸಿದ್ದು ಅವ, ಬೈಸಿಕೊಂಡದ್ದು ನಾನು. ಮುದ್ದು ಮಾಡಬೇಕಿತ್ತಾ? ರಜೆಯೂ ಇಲ್ಲ, ಮಣ್ಣೂ ಇಲ್ಲ. ನನ್ನನ್ನು ಯಾರೂ ಕರೆಯುವುದಿಲ್ಲ!’

ಹಿಂದಿನಿಂದ ಸಮನಾದ ದನಿಯಲ್ಲಿ ಒಂದು ಪ್ರಶ್ನೆ ಬಂತು:

‘ಆಮೇಲೆ ಬೇರೆ ಎಲ್ಲಿಯಾದರೂ ಕೆಲಸ ಕೇಳಿದ್ದೀರಾ?’

ಅವನು ಸ್ಕೂಟರು ನಿಲ್ಲಿಸಿದ. ‘ಇಲ್ಲ.’

‘ಯಾಕೆ?’

‘ಕೇಳಲಿಕ್ಕೆ ನಾಚಿಕೆ.’

ಗೊತ್ತುಂಟು ಎಂದು ಅವಳು ಹೇಳಲಿಲ್ಲ. ಇಳಿದು ಬಂದು ಎದುರಿನ ಮೋರಿಯ ಕಟ್ಟೆಯಲ್ಲಿ ಕುಳಿತಳು. ಹ್ಯಾಂಡಲ್ ಹಿಡಿದ ಅವನ ಕೈಗಳನ್ನೇ ನೋಡುತ್ತಿದ್ದಳು. ಅವನಿಗೆ ಹೇಳುವುದು ಇನ್ನೂ ಬಹಳ ಇತ್ತು. ಜೀವಮಾನದಲ್ಲಿ ಮೊದಲ ಸಲ, ಕೂಗದೆ ಹೇಳಿದ.

ಕೇಳಿಸಿಕೊಳ್ಳಬಲ್ಲವರು ಲೋಕದಲ್ಲಿ ವಿರಳ. ಇದ್ದವರು ಮನೆಯವರ ಪಾಲಿಗೆ ಬಲು ಕಷ್ಟದ ಜನ. ಊರ ದುಃಖಕ್ಕೆಲ್ಲ ತೆರೆದಿರುವ ಬಾಗಿಲು ತಮಗೊಬ್ಬರಿಗೇ ಮುಚ್ಚಿದೆಯೆಂದು ಹತ್ತಿರದವರು ಕುದಿಯುತ್ತಾರೆ, ಹೊರಗೆ ನಿಂತು ಅರಚುತ್ತಾರೆ. ಕೇಳಿಸಿಕೊಳ್ಳಬಲ್ಲವರು ಮಾತ್ರ ಅರಚುವಿಕೆಯನ್ನು ಉತ್ತರವೆಂದು ಒಪ್ಪುವವರಲ್ಲ. ನಿಜ ಬರುವ ತನಕ ಕಾಯುತ್ತಾರೆ, ಎದುರಿಗಿರುವವನು ದಾರಿಹೋಕನಾಗಲಿ, ತಾಳಿ ಕಟ್ಟಿದವನಾಗಲಿ. ಅವರ ಆ ತಾಳ್ಮೆಯನ್ನು ಕಂಡು ಹೊಟ್ಟೆ ಉರಿಸಿಕೊಳ್ಳುವುದು ಸುಲಭ. ಅದರ ಮುಂದೆ ಕುಳಿತು ಬಾಯಿ ಬಿಡುವುದಕ್ಕೆ ಎಂಟೆದೆ ಬೇಕು.