ಭೀಮರಾಜನ ಮೂಗು

ಕರ್ಚೀಫಿಗೂ ಇಸ್ತ್ರಿ ಹೊಡೆಸಿದ್ದಾರಲ್ಲ, ಭಲೆ — ಪ್ರಿನ್ಸಿಪಾಲ್ ಗುರುಸಂಗಪ್ಪ ಅದನ್ನು ಮೂಗಿಗೊತ್ತಿ ಲ್ಯಾಬಿನ ಬಾಗಿಲಲ್ಲೇ ನಿಂತಿದ್ದಾರೆ, ಒಳಗೆ ಕಾಲಿಡಲು ಮಹಾರಾಜರಿಗೆ ಆಗದು, ಕೊಟ್ಟೂರಿನ ಈ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಕಪ್ಪೆ, ಹಾವು, ಮೀನಿನ ಜಾಡಿಗಳಿಗೆ ಫಾರ್ಮಾಲಿನ್ ಸುರಿಯುತ್ತ ಬಂದ ಅಟೆಂಡರ್ ಭೀಮರಾಜನಿಗೆ ನಗು ಬಂತು, ಥೂ, ಇವರದೂ ಒಂದು ಮೂಗು, ಇನ್‌ಸ್ಪೆಕ್ಷನ್ ಅಂದಕೂಡಲೇ ನಿನ್ನೆ ಎಲ್ಲ ಜಾಡಿಗೂ ಹೊಸ ಔಷಧಿ ತುಂಬಿಸಿದರು, ಹಿಂದಿನ ಕಸದ ಗುಡ್ಡೆ ಕಾಣಬಾರದೆಂದು ಕಿಟಕಿಯನ್ನೆಲ್ಲ ಮುಚ್ಚಿಸಿದರು, ಆಮೇಲೆ ಲೆಕ್ಚರರ್ ಪ್ರವೀಣಕುಮಾರ್, ಡಾಕ್ಟರೇಟ್ ಬೇರೆ ಕೇಡು, ಸುರಕ್ಷತಾ ನಿಯಮಗಳ ಬೋರ್ಡು ಎಲ್ಲಿ ಹಾಕುವುದೆಂದು ಗೋಡೆಯೆಲ್ಲ ಹುಡುಕಿ ಎಕ್ಸಾಸ್ಟ್ ಫ್ಯಾನಿನ ಮೇಲೇ ಹೊಡೆಸಿದ, ಅದೂ ಭೀಮರಾಜನ ಕೈಯಲ್ಲಿ, ಗಾಳಿ ಹೊರಗ ಹೋಗಾಕ ಅದೊಂದೇ ದಾರಿ ಸರ ಎಂದರೆ, ಒಂದು ದಿನಕ್ಕ ಏನಾಕ್ಕತಿ ಬಿಡೋ, ನಿಂಗ ರೂಢಿ ಐತಲ್ಲ — ರೂಢಿಯಂತೆ ರೂಢಿ, ಹರಪನಹಳ್ಳಿ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, ಗಾಳಿಯಾಡದ ಕಡೆ ಕೆಲಸ ಮಾಡಬೇಡಪ್ಪ, ಎದೆ ಉಳಿಯಲ್ಲ ಅಂದದ್ದು ಈ ಪಂಡಿತನಿಗೆ ಗೊತ್ತಿಲ್ಲವೇನು, ಹೇಳಿದ್ದೆನಲ್ಲ, ಕಿವಿಯ ಮೇಲೆ ಹಾಕಿಕೊಂಡರೆ ತಾನೆ, ಇರಲಿ, ಇವತ್ತು ಇನ್‌ಸ್ಪೆಕ್ಷನ್ನಿಗೆ ಬರುವ ಮೇಡಂ ವರದಿಯಲ್ಲಿ ಒಂದು ಸಾಲು ಬರೆದರೆ ಸಾಕು, ಬೋರ್ಡು ಇಳಿಯುತ್ತದೆ, ಫ್ಯಾನು ತಿರುಗುತ್ತದೆ, ಭೀಮರಾಜ ಕೇಳಿಕೊಳ್ಳುತ್ತಿರುವುದು ಅಷ್ಟೇ.

ಬಂದೇಬಿಟ್ಟರು ಮೇಡಂ, ಎರಡು ಹೆಜ್ಜೆಗೇ ಕಣ್ಣಲ್ಲಿ ನೀರಿಳಿಯಿತು, ವಾಸನೆ ಬಹಳ ಜಾಸ್ತಿ ಅಲ್ವಾ ಎಂದರು, ಬರೀರಿ ತಾಯಿ, ಅದನ್ನೇ ಬರೀರಿ, ಅಷ್ಟರಲ್ಲಿ ಪ್ರಿನ್ಸಿಪಾಲರು ಕರ್ಚೀಫಿನೊಳಗಿಂದಲೇ, ದಿನಾ ಇಲ್ಲೇ ಇರ್ತಾನ್ರಿ ಇವನು, ಇವನ್ನೇ ಕೇಳಿಬಿಡ್ರಿ, ವಾಸನಿ ಐತೇನೋ ಭೀಮರಾಜ — ಎಂಥಾ ನಾಟಕ, ಹೇಳುತ್ತೇನೆ ತಾಳು ಎಂದು ಭೀಮರಾಜ ಉಸಿರೆಳೆದ, ಇನ್ನೊಮ್ಮೆ ಎಳೆದ, ಏನೂ ಇಲ್ಲ, ಮೊನ್ನೆ ಹಾಲು ಸೀದು ತಳ ಹತ್ತಿದಾಗ ಹೆಂಡತಿ ಉಚ್ಚಂಗೆಮ್ಮ ಓಡಿ ಬಂದು, ಒಲಿ ಮುಂದ ಕುಂತೀಯಲ್ಲ, ಮೂಗು ಐತೋ ಇಲ್ಲೋ ನಿಂಗ ಎಂದು ರೇಗಿದ್ದಳು, ಅಯ್ಯೋ, ಇವರ ಮೂಗು ನೋಡಿ ನಕ್ಕೆನಲ್ಲ, ಸತ್ತಿರುವುದು ಯಾರ ಮೂಗು, ನನಗ ಬರಲ್ರಿ ಮೇಡಂ, ನನಗ ಈಗ ಯಾವ ವಾಸನಿನೂ — ಮಾತು ಮುಗಿಯಲು ಬಿಟ್ಟರೆ ತಾನೆ, ಕೇಳಿದ್ರಲ್ಲ ಮೇಡಂ, ವಾಸನಿ ಇಲ್ಲಂತ, ಪ್ರಿನ್ಸಿಪಾಲರು ಆಗಲೇ ಕಾಫಿಗೆ ಕರೆಯುತ್ತಿದ್ದಾರೆ, ಮೇಡಂ ತಲೆಯಾಡಿಸಿ ಪೆನ್ನು ತೆಗೆದರು, ಕಾಗದ ಕಾಣದಷ್ಟು ನೀರು ಕಣ್ಣಲ್ಲಿ, ಒರೆಸಿಕೊಂಡು, ಮತ್ತೆ ಒರೆಸಿಕೊಂಡು, ತೊಂದರೆ ಇಲ್ಲ ಎಂಬಲ್ಲಿ ಟಿಕ್ ಹಾಕಿದರು, ಆ ಟಿಕ್ಕಿನ ಮೇಲೆ ಒಂದು ಹನಿ ಬಿತ್ತು, ಶಾಯಿ ಹರಡಿತು, ಇನ್ನೊಂದು ಹನಿ, ಟಿಕ್ಕು, ಹನಿ