ಮನೆಯಲ್ಲಿ ಆಡಬಾರದ ಮಾತು

ನನ್ನ ತಮ್ಮನ ಹೆಂಡತಿ ಬೋಟಿಲ್ಲಾ ಮಹಾ ಹಟಮಾರಿ. ಗಂಡ ಸತ್ತ ವರ್ಷವೇ ದೊಡ್ಡ ಮಗನನ್ನು ಗಡಿಯಾಚೆ, ಡೆನ್ಮಾರ್ಕಿನ ಶಾಲೆಗೆ ಕಳಿಸಿದಳು. ಡೆನ್ಮಾರ್ಕ್ ಯುದ್ಧ ಸೋತು ಡ್ಯಾನಿಶ್ ಮಾತಿನ ನಮ್ಮ ಸೀಮೆ ಪ್ರಷ್ಯದ ಜರ್ಮನರ ಕೈಗೆ ಬಿದ್ದು ಮೂವತ್ತು ವರ್ಷ ದಾಟಿತ್ತು. ನಮ್ಮೂರ ಶಾಲೆಯಲ್ಲಿ ಡ್ಯಾನಿಶ್ ಉಳಿದದ್ದು ದೇವರ ಪಾಠಕ್ಕೆ ಮಾತ್ರ. ಇನ್ನು ಕೋರ್ಟಿನವರು ಸುಮ್ಮನಿರುತ್ತಾರೆಯೇ? ಕಿರಿಯ ಮಗಳು ಶೆಸ್ಟಿನಳನ್ನೂ ಡ್ಯಾನಿಶ್ ಹುಡುಗಿಯಾಗೇ ಬೆಳೆಸುತ್ತಿರುವ ಸುಳಿವು ಸಿಕ್ಕರೆ ಅಂದೇ ಕರೆದೊಯ್ದು ಜರ್ಮನ್ ಮನೆಗೆ ಒಪ್ಪಿಸಿ ಎಂದು ಪೊಲೀಸ್ ಜಮಾದಾರನಿಗೆ ಅಪ್ಪಣೆಯಾಯಿತು.

ಅಂದಿನಿಂದ ಬೋಟಿಲ್ಲಾಳ ಮನೆಯಲ್ಲಿ ನಮ್ಮ ಡ್ಯಾನಿಶ್ ಮಾತು ಬಂದ್. ಆರು ವರ್ಷದ ಮಗು ಹಸಿವು ಎಂದರೂ ಜರ್ಮನ್ನಿನಲ್ಲೇ ಎನ್ನಬೇಕು, ಇಲ್ಲದಿದ್ದರೆ ತಟ್ಟೆ ಖಾಲಿ. ಮಲಗಿಸುವಾಗಿನ ಹಾಡೂ ನಿಂತಿತು.

"ಅಲ್ವೇ, ಮಗು ನಿನ್ ಹತ್ರ ಬರೋದೇ ಬಿಟ್ಬಿಟ್ಟಿದೆ," ಎಂದೆ.

"ಮುನಿಸ್ಕೊಳ್ಳಲಿ ಬಿಡಿ ಅತ್ತಿಗೆ. ಮನೇಲಿದ್ರೆ ಸಾಕು."

ಜಮಾದಾರ ಬಂದ. ಬೂಟು ಒರೆಸಿಕೊಂಡು ಒಳಗೆ ಕೂತ. ಜರ್ಮನ್ನಿನಲ್ಲಿ ಕೇಳಿದ್ದಕ್ಕೆಲ್ಲ ಶೆಸ್ಟಿನ್ ಪಟಪಟನೆ ಉತ್ತರ ಕೊಟ್ಟಳು. ಅವನು ಎದ್ದು ಟೋಪಿ ಹಾಕಿಕೊಂಡಾಗ ಬೋಟಿಲ್ಲಾ ಉಸಿರು ಬಿಟ್ಟಳು. ನಾನು ಮಾತ್ರ ಮೇಜಿನ ಕಡೆ ನೋಡಿದೆ. ಕೊಟ್ಟ ಕಾಫಿಯನ್ನು ಅವನು ಮುಟ್ಟಿರಲಿಲ್ಲ.

ಬಾಗಿಲ ಬಳಿ ಅವನು ಕುಕ್ಕರಗಾಲಲ್ಲಿ ಕೂತು, ಮಗುವಿನ ಬಿಚ್ಚಿದ ಬೂಟಿನ ದಾರ ಕಟ್ಟುತ್ತ, ನಮ್ಮ ಮಾತಾಡಿದ. ಕೋಪನ್‌ಹೇಗನ್ನಿನ ಪುಸ್ತಕದ ಮಾತಲ್ಲ, ನಮ್ಮ ಕೊಟ್ಟಿಗೆಯದೇ ಮಾತು. ಪದಗಳ ಬಾಲ ನುಂಗಿ, 'ನಾನು' ಎನ್ನುವ ಕಡೆ ಬರೀ ಒಂದು ಸ್ವರ ಬಿಟ್ಟು ಆಡಿದ. ಎಲ್ಲಿ ಕಲಿತಿದ್ದನೋ ಪಾಪಿ!

"ನಮ್ಮಮ್ಮ ನಂಗೆ ಹಾಡ್ ಹೇಳಿ ಮಲಗಿಸ್ತಿದ್ಲು ಪುಟ್ಟಿ. ನಿಂಗೆ ಯಾವ್ ಹಾಡು?"

ಆ ಮಗುವಿನೊಂದಿಗೆ ಯಾರಾದರೂ ಹಾಗೆ ಮಾತಾಡಿ ತಿಂಗಳಾಗಿತ್ತು. ಮುಖ ಅರಳಿತು. ಬೋಟಿಲ್ಲಾ ಬೇಡವೆಂದು ತಲೆಯಾಡಿಸಿದಳು, ಮಗು ಅತ್ತ ನೋಡಲೇ ಇಲ್ಲ. ಅವನ ಕೊರಳಿಗೆ ಕೈ ಹಾಕಿ ಹಾಡಿಯೇಬಿಟ್ಟಿತು. ನಮ್ಮ ಡ್ಯಾನಿಶ್ ದೊರೆ, ನಮ್ಮ ಕೆಂಪು ಬಿಳಿ ಬಾವುಟ, ಎಲ್ಲ ಇದ್ದ ಹಾಡು.

ಕೊನೆಯ ಸಾಲಿನವರೆಗೂ ಅವನು ಕೇಳಿದ.

"ಎಷ್ಟ್ ಚೆನ್ನಾಗ್ ಹಾಡ್ತೀಯೇ ಕಳ್ಳಿ," ಎಂದು ಗೂಟದಲ್ಲಿದ್ದ ಅವಳ ಪುಟ್ಟ ಕೋಟು ತೆಗೆದು ಒಂದು ತೋಳು ತೂರಿಸಿದ.

ಇನ್ನೊಂದು ತೋಳನ್ನು ಶೆಸ್ಟಿನ್ ತಾನೇ ಚಾಚಿದಳು.