ಮಾವನವರ ವಜೀರ್ ಹಡಗು

ಅಮರಯ್ಯನವರಿಗೆ ಸಂಶಯ ಹುಟ್ಟುಗುಣವಲ್ಲ, ಪಗಾರ ಕೊಟ್ಟು ಕಲಿಸಿದ್ದು. ರಕ್ಷಣಾ ಕಾರ್ಖಾನೆಯಲ್ಲಿ ತಪಾಸಣೆ ಮಾಡುತ್ತಲೇ ಮುದುಕರಾದವರು. ಮಾಲಿನ ಮೇಲಿನ ಹೆಸರು ಕಾಗದದ ಹೆಸರಿಗೆ ತಾಳೆಯಾಗದಿದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಸರಿಸುವುದೇ ಅವರ ಕಸುಬು. ನಿವೃತ್ತಿಯ ನಂತರ ಮನೆಯಿರುವ ತಾರ್ನಾಕ ಬಡಾವಣೆಯ ಹಾಲಿನವನು, ತರಕಾರಿಯವಳು ಎಲ್ಲರೂ ಈ ತಪಾಸಣೆಗೆ ಸಿಕ್ಕಿಬಿದ್ದಿದ್ದಾರೆ, ಪಾಪ. ಎಲ್ಲರಿಗಿಂತ ಹೆಚ್ಚು ಕಾಲ ಸಿಕ್ಕಿಬಿದ್ದವರು ಮಾತ್ರ ತೀರಿಹೋದ ಮಾವ ವೀರಭದ್ರಪ್ಪ.

ಎರಡನೇ ಮಹಾಯುದ್ಧದಲ್ಲಿ ತಾನು ‘ವಜೀರ್’ ಎಂಬ ಇಂಗ್ಲಿಷರ ಹಡಗಿನಲ್ಲಿ ಅಡುಗೆಗಿದ್ದೆ, ಅದರ ನೆತ್ತಿಯ ಮೇಲಿಂದ ವಿಮಾನಗಳು ಹಾರಿ ಸರಕಿನ ಹಡಗುಗಳನ್ನು ಕಾಯುತ್ತಿದ್ದವು ಎಂದು ಮಾವ ಹೇಳುತ್ತಿದ್ದರು. ಬೀದರ್ ಕಡೆಯ, ಕೆರೆ ಬಿಟ್ಟು ಬೇರೆ ನೀರು ಕಾಣದ ಮನುಷ್ಯ! ಇಂಗ್ಲಿಷರ ಹಡಗಿಗೆ ಉರ್ದು ಹೆಸರು ಬೇರೆ! ಅಮರಯ್ಯ ಎದುರಿಗೆ ತಲೆಯಾಡಿಸಿ ಮೀಸೆಯಲ್ಲೇ ನಗುತ್ತಿದ್ದರು.

ಭಾನುವಾರ ಕೋಠಿಯಲ್ಲಿ ಸೇರುವ ಕನ್ನಡ ಬಳಗದಲ್ಲಿ ಹೆಂಡತಿ ಸುಮತಿ ತನ್ನ ಅಪ್ಪನ ಬಗ್ಗೆ ಮಾತಾಡುವವರಿದ್ದರು. ಹಡಗಿನ ಮುಂದೆ ಅಪ್ಪ ನಿಂತ ಫೋಟೋವನ್ನು ವೇದಿಕೆಯ ಮೇಲೆ ಇಡಬೇಕಿತ್ತು. ಸುಮತಿ ಅದನ್ನು ಮದುವೆಯಾದ ಹೊಸತರಲ್ಲೇ ಬಾಗಿಲ ಮೇಲೆ, ಸೂರಿಗೆ ತಾಗುವಷ್ಟು ಎತ್ತರದಲ್ಲಿ ತೂಗುಹಾಕಿದ್ದರು. ಶನಿವಾರ ಅಮರಯ್ಯ ಸ್ಟೂಲು ಹತ್ತಿ ಅದನ್ನು ಇಳಿಸಿ ಗಾಜು ಒರೆಸಿದರು.

ಫೋಟೋದ ಹಡಗಿನಲ್ಲಿ ವಿಮಾನ ಇಳಿಯುವ ಚಪ್ಪಟೆ ಅಟ್ಟ ಎಲ್ಲೂ ಇಲ್ಲ. ಸರಕು ಎತ್ತುವ ಕಂಬಗಳಿವೆ. ಹಡಗಿನ ಮೈಮೇಲೆ ಬರೆದ ಹೆಸರು ‘ಸದರ್ನ್ ಲಿಲಿ’.

“ಸುಮತಿ, ನಿಮ್ಮಪ್ಪ ಎಲ್ಲಾರಿಗೂ ಟೋಪಿ ಹಾಕ್ಯಾರ ನೋಡು. ಇದು ಸಾಮಾನು ಸಾಗಸೋ ಹಡಗ. ಹೆಸರೂ ಬ್ಯಾರೆ. ನಾಳೆ ಯಾರರೆ ಓದಿದ್ರ ಮಾನ ಹೋಗ್ತೈತಿ.”

ಹೆಂಡತಿ ಜಗಳಕ್ಕೆ ಬರುತ್ತಾರೆಂದುಕೊಂಡಿದ್ದರು.

“ಹಂಗಾರ ಬ್ಯಾಡ ಬಿಡ್ರಿ, ನಾ ಮಾತಾಡೂದಿಲ್ಲ,” ಎಂದು ಸುಮತಿ ಅಡುಗೆಮನೆಗೆ ಹೋದರು.

ಅಮರಯ್ಯನವರಿಗೆ ಅದರ ಮೇಲೂ ಸಂಶಯ ಬಂತು. ಇಷ್ಟು ಸುಲಭಕ್ಕೆ ಬಿಟ್ಟುಕೊಡುವ ಹೆಂಗಸಲ್ಲ ಆಕೆ.

ಮಾವ ಹೇಳಿದ್ದು ಸುಳ್ಳೇ ಎಂದು ಗಟ್ಟಿ ಮಾಡಿಕೊಳ್ಳೋಣವೆಂದು ಫೋನಿನಲ್ಲಿ ‘ಸದರ್ನ್ ಲಿಲಿ’ ಎಂದು ಹುಡುಕಿದರು. ಆ ಹಡಗಿನ ಇಡೀ ಜಾತಕವೇ ಸಿಕ್ಕಿತು. ಸರಕಿಗೆಂದು ಕಟ್ಟುತ್ತಿದ್ದ ಒಡಲಿಗೆ ಅವಸರದಲ್ಲಿ ಅಟ್ಟ ಹೊದಿಸಿ ಯುದ್ಧಕ್ಕೆ ಕಳಿಸಿದ್ದರು. ಹಿಂದೂ ಮಹಾಸಾಗರದಲ್ಲಿ ಕಾವಲು ಕೆಲಸ. ಯುದ್ಧ ಮುಗಿದದ್ದೇ ಅಟ್ಟ ಕಿತ್ತು, ವ್ಯಾಪಾರಿಗಳಿಗೆ ಮಾರಿ, ಹೊಸ ಹೆಸರಿಟ್ಟಿದ್ದರು. ಹಳೆಯ ಹೆಸರು ವಜೀರ್.

ಅಮರಯ್ಯ ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಫೋಟೋದ ಅಂಚಿನಲ್ಲಿ ಮುಂಬಯಿ ಸ್ಟುಡಿಯೋದ ಮುದ್ರೆಯಿತ್ತು. ಹೆಸರು ಬದಲಿಸಿಕೊಂಡ ಹಡಗು ಆ ಬಂದರಿಗೆ ಬಂದಾಗ ಮಾವ ನೋಡಲು ಹೋಗಿರಬೇಕು. ಅಟ್ಟವಿಲ್ಲದಿದ್ದರೂ, ಹಳೆಯ ಹೆಸರಿಲ್ಲದಿದ್ದರೂ ಗುರುತು ಹಿಡಿದಿದ್ದರು. ಅಮರಯ್ಯನವರಿಗೆ ನಾಚಿಕೆಯಾಯಿತು.

ಅಡುಗೆಮನೆಗೆ ಓಡಿದರು. “ಖರೇ ಐತಿ ಸುಮತಿ! ಎರಡೂ ಒಂದ ಹಡಗ! ನಿಮ್ಮಪ್ಪ ಹೇಳಿದ್ದೆಲ್ಲಾ ಖರೇ!”

ರೊಟ್ಟಿ ಬಡಿಯುತ್ತಿದ್ದ ಸುಮತಿಯ ಕೈ ನಿಂತಿತು. ಮುಖದಲ್ಲಿ ಸಂತೋಷ ಕಾಣಲಿಲ್ಲ.

“ಆ ಹೆಸರು ನಾ ಸಣ್ಣಾಕಿ ಇದ್ದಾಗನ ಓದಿದ್ದೆರಿ,” ಎಂದರು. “ಅದಕ್ಕ, ಯಾರೂ ಓದಬಾರದಂತ ಫೋಟೋ ಅಷ್ಟು ಮ್ಯಾಲ ಹಾಕಿದ್ದೆ. ಅಪ್ಪ ಸಾಯೋ ಮುಂದ ಕೇಳೇಬಿಟ್ಟೆ, ಈಗರೆ ಖರೇ ಹೇಳಪ್ಪಾ ಅಂತ. ‘ಹೇಳೀನಲ್ಲವ್ವಾ’ ಅಂದು ಮಾರಿ ಆ ಕಡೆ ಹೊಳ್ಳಿಸಿದ.”

ಅಮರಯ್ಯ ಹೆಂಡತಿಯ ಹತ್ತಿರ ಬಂದು ನಿಂತರು. “ನಾಳೆ ಮಾತಾಡು ಮತ್ತ. ಎಲ್ಲಾರಿಗೂ ಹೇಳು.”

“ಎಲ್ಲಾರಿಗೂ ಹೇಳ್ತೀನ್ರಿ. ಕೇಳಬೇಕಾದಾಂವ ಇಲ್ಲಲ್ಲ.”